ಕುಂಚಿಗೆಯ ಜರಿಪಟ್ಟಿ

ಹುಲಗೂರು,
ತಾ. ೯ ನವೆಂಬರ್ ೧೯೪೧

ಹೆಸರು ಹಿಡಿದು ಕರೆಯಲಾರದ ನಮ್ಮ ಮನೆಯವರಿಗೆ ಸರೋಜಳ ನಮಸ್ಕಾರಗಳು.

ಮೈಯಲ್ಲಿ ಹುಷಾರಾಗಿದ್ದೀರಾ? ಸೊಲ್ಲಾಪುರದ ಗಿರಣಿಯ ಅರಳೆ ಧೂಳಿಗೆ ಹತ್ತಿದ ಕೆಮ್ಮು ಇಳಿಯಿತೇ? ಕಳಿಸಿದ ಅಗಸಿ ಹಿಂಡಿಯನ್ನು ರೊಟ್ಟಿಗೆ ಹಚ್ಚಿಕೊಂಡು ನೀವೇ ತಿನ್ನಿ, ಖೋಲಿಯವರಿಗೆಲ್ಲ ಹಂಚಿ ಕರ್ಣನಾಗಬೇಡಿ. ಇಲ್ಲಿ ಎಮ್ಮೆ ಈದಿದೆ, ಹೆಣ್ಣು ಕರು.

ಮೊನ್ನೆ ಅತ್ತೆಯವರು ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹರವಿದಾಗ ನೀವು ಕೂಸಾಗಿದ್ದಾಗ ತಲೆಗೆ ತೊಟ್ಟ ಕುಂಚಿಗೆ ಸಿಕ್ಕಿತು. ಅದರ ಖಣದ ಬಟ್ಟೆಯನ್ನು ನುಸಿ ತಿಂದು ಜರಡಿ ಮಾಡಿದೆ. ಆದರೆ ಅದರ ಅಂಚಿನ ಜರಿಪಟ್ಟಿ ಎಷ್ಟು ಚೆಂದ ಅಂತೀರಿ! ಬೆರಳಗಲದ ಪಟ್ಟಿಯ ತುಂಬ ಬಂಗಾರದೆಳೆಯ ಬಳ್ಳಿ, ಪ್ರತಿ ತಿರುವಿಗೆ ಸಾಸಿವೆಯಷ್ಟು ಬೆಳ್ಳಿಯ ಟಿಕಳಿ ಬಿಲ್ಲೆ. ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆಲ್ಲ ಚುಕ್ಕಿ ಕುಣಿಯುತ್ತವೆ. ಒಂದು ತುದಿ ಮಾತ್ರ ಚಪ್ಪಟೆ. ಹಲ್ಲು ಬರುವಾಗ ನೀವು ಕಚ್ಚಿದ್ದಿರಂತೆ. ಪಕ್ಕದ ಮನೆಯ ಹಾಜರಾಬಿ ಅದನ್ನು ಮಗುಚಿ ನೋಡಿ, ಇದು ತಮ್ಮ ತವರು ಸವಣೂರಿನ ಕೆಲಸವೇ ಎಂದು ಹಿಗ್ಗಿದರು. ನಾನಂತೂ ನೋಡುತ್ತ ಕುಳಿತು ಒಲೆಯ ಮೇಲಿನ ಬೇಳೆ ಸೀಯಿಸಿದೆ.

ಅಷ್ಟರಲ್ಲಿ ಹಳೆ ಜರಿ ಸುಟ್ಟು ಬೆಳ್ಳಿ ತೆಗೆಯುವವನು ಓಣಿಗೆ ಬಂದ. ಸವೆದ ಲಿಂಗದ ಕರಡಿಗೆಗೆ ಆ ಬೆಳ್ಳಿ ಹಾಕಿಸಬೇಕೆಂದು ಅತ್ತೆಯವರ ಹಟ. ನಾನು ಪಟ್ಟಿಯನ್ನು ಎದೆಗವಚಿಕೊಂಡು ನಿಂತೆ, ಕೊಡಲೇ ಇಲ್ಲ. ಅವರಿಗೆ ಸಿಟ್ಟು ನೆತ್ತಿಗೇರಿತು. "ಮದುವಿ ಆಗಿ ಮೂರು ವರ್ಷ ಆತು. ಯಾರ ತಲಿಗೆ ಹಚ್ಚಾಕ ಇಟ್ಕೋತಿ ಇದನ್ನ?" ಎಂದರು. ಆ ಮಾತು ಚುಚ್ಚಬೇಕಿತ್ತು. ನನಗೆ ನಗು ಬಂತು. ತಲೆ ತಗ್ಗಿಸಿದೆ. ಅವರು ನನ್ನ ಮುಖವನ್ನೇ ನೋಡಿದರು, ಸೀದ ಬೇಳೆಯನ್ನೂ ನೋಡಿದರು. ಆಮೇಲೆ ಬಾಗಿಲಿಗೆ ಹೋಗಿ, "ಹೋಗಪಾ, ನಮ್ಮ ಮನ್ಯಾಗ ಸುಡೂವಂಥಾದ್ದು ಏನೂ ಇಲ್ಲ" ಎಂದು ಅವನನ್ನು ಕಳಿಸಿ, ಬೆಲ್ಲ ತಂದು ನನ್ನ ಬಾಯಿಗೆ ಹಾಕಿದರು. ಪಟ್ಟಿಯನ್ನು ತಾವೇ ಹಳೆ ಖಣದಿಂದ ಬಿಚ್ಚಿ, ಸುತ್ತಿ, ದೇವರ ಮಾಡದಲ್ಲಿಟ್ಟಿದ್ದಾರೆ.

ಅತ್ತೆಯವರ ಆಶೀರ್ವಾದ, ಹಾಜರಾಬಿಯ ಸಲಾಮು, ಹೊಸ ಕರುವಿನ ನೆಕ್ಕು ಎಲ್ಲವೂ ನಿಮಗೆ ಸೇರಲಿ.

ನಿಮ್ಮವಳು,
ಸರೋಜವ್ವ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಬೇಸಿಗೆಗೆ ನೀವು ಅಪ್ಪ ಆಗುತ್ತೀರಿ. ನಿಮಗೇ ಮೊದಲು ಹೇಳಬೇಕೆಂದು ಬಾಯಿ ಕಟ್ಟಿಕೊಂಡಿದ್ದೆ, ಆ ಪಟ್ಟಿ ನನ್ನನ್ನು ಹಿಡಿದುಕೊಟ್ಟಿತು. ಹುಟ್ಟುವ ಮುಂಚೆ ಕುಂಚಿಗೆ ಹೊಲಿಯಬಾರದು, ಆದ್ದರಿಂದ ಖಣ ತರಬೇಡಿ. ನೀವು ಯಲವಿಗಿ ಸ್ಟೇಷನ್ನಿನಲ್ಲಿ ಗಾಡಿ ಇಳಿದರೆ ಸಾಕು. ಅತ್ತೆಯವರೂ ಈ ಸುದ್ದಿ ತಾವೇ ಮೊದಲು ಹೇಳಬೇಕೆಂದು ಮಾಸ್ತರರ ಕೈಯಲ್ಲಿ ಪತ್ರ ಬರೆಸುತ್ತಿದ್ದಾರೆ. ಅದು ಬಂದಾಗ, ನನ್ನಾಣೆ, ಈಗಷ್ಟೇ ಕೇಳಿದವರಂತೆ ಉತ್ತರ ಬರೆಯಿರಿ.