ಅನ್ನ ತಿನ್ನುವತನಕ

ಸದಲಗಾ
೧೨ ಜನವರಿ ೨೦೨೫, ರವಿವಾರ

ಅಳಿಯಂದಿರಾದ ವಿಶ್ವಾಸ ಅವರಿಗೆ,

"ತುತ್ತುಂಡ ಕೂಸು ತೊಡೆಯ ಮರೆತೀತ..." ಎಂದೇನೋ ಒಂದು ಸಾಲು, ನಮ್ಮವ್ವ ಹಾಡುತ್ತಿದ್ದಳು. ಮರೆತೀತು ಎಂದಿತ್ತೋ, ಮರೆಯದು ಎಂದಿತ್ತೋ ನೆನಪಾಗುತ್ತಿಲ್ಲ. ಎಷ್ಟೋ ಕವಿತೆಗಳನ್ನು ಬಾಯಿಪಾಠ ಮಾಡಿದ ನನಗೆ ಈ ಒಂದು ಕ್ರಿಯಾಪದ ಸಿಗುತ್ತಿಲ್ಲ. ಕೂಸು ಮರೆಯುವುದಾದರೂ ಏನನ್ನು? ಹೆತ್ತ ವಾರದಲ್ಲೇ ನನ್ನ ಸಪನಾ ತೀರಿಕೊಂಡಾಗ ಅದಕ್ಕೆ ತಾಯಿಯ ಮುಖವೂ ಗುರುತಾಗಿರಲಿಲ್ಲ.

ಫೋನಿನಲ್ಲಿ ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ತಾಯಿ ಸತ್ತೆವ್ವನವರು ಐನಾಪುರದಿಂದ ದಿನಾ ಕೇಳುತ್ತಾರೆ: "ಉಷ್ಟಾವಣಾ ಯಾವಾಗ್ರಿ ಬೀಗರ? ಕೂಸಿನ ಮೊದಲನೇ ಅನ್ನದ ತುತ್ತಿಗಂತ ಬೆಳ್ಳಿ ಬಟ್ಟಲಾ ತಂದಿಟ್ಟೀನಿ." ಅವರ ತಪ್ಪಿಲ್ಲ. ಸಪನಾಳ ದಿನಕರ್ಮದಂದು ಎಲ್ಲರೆದುರೇ ಮಾತಾಗಿತ್ತು: "ಹಾಲ ಕುಡಿಯೂತನಕ ನಿಮ್ಮ ಮಡಿಲಾಗಿರ್ಲಿ. ಅನ್ನ ತಿನ್ನಾಕ ಹತ್ತಿದ ಮ್ಯಾಲ ನಮ್ಮ ಕೂಸು ನಮ್ಮ ಮನಿಗೆ." ನಾನು ತಲೆಯಾಡಿಸಿದ್ದೆ. ಆಗ ಅನ್ನ ಬಹಳ ದೂರದಲ್ಲಿತ್ತು.

ಆದರೆ ಇವಳು ತಿನ್ನುತ್ತಲೇ ಇಲ್ಲ. ಹೆಸರುಬೇಳೆಯ ಕಟ್ಟು, ಮಿದ್ದ ಅನ್ನ, ಬೇಯಿಸಿದ ಗಜ್ಜರಿ, ಏನು ಕೊಟ್ಟರೂ ನಾಲಿಗೆಯಿಂದ ಹೊರಗೆ ನೂಕುತ್ತಾಳೆ. ಇವಳವ್ವನೂ ಹೀಗೇ ಇದ್ದಳು. ಬಾಟಲಿ ಹಾಲಿಗೇ ಹಟ. ಹಲ್ಲು ಬರುವವರೆಗಾದರೂ ಇಲ್ಲೇ ಬಿಡಿ. ಇವಳು ಹೋದರೆ ಈ ಮನೆಯಲ್ಲಿ ನನ್ನ ಮುಖ ನೋಡಿ ನಗುವವರು ಯಾರೂ ಇರುವುದಿಲ್ಲ. ಆದರೆ ನಾನು ಕೇಳುತ್ತಿರುವುದು ಅದಕ್ಕಲ್ಲ.

ಕೂಸಿನ ಅಜ್ಜಿ,
ಪ್ರಮಿಳಾ

ತಾ.ಕ.: ನಾನು ಬರೆಯುತ್ತಿದ್ದಾಗ ಪಕ್ಕದ ಮನೆಯ ಕಮರುನ್ನಿಸಾ ಕೂಸನ್ನು ಎತ್ತಿಕೊಂಡು ಹೋಗಿದ್ದಳು. ಈಗ ತಂದುಕೊಟ್ಟಳು. ಗಲ್ಲ, ಅಂಗಿ, ಬೆರಳ ಸಂದಿಯಲ್ಲೆಲ್ಲ ಅನ್ನ.

ವಿಶ್ವಾಸ, ಮೇಲೆ ಬರೆದದ್ದು ಸುಳ್ಳು. ಇವಳು ಏನನ್ನೂ ಉಗುಳಿಲ್ಲ. ನಾನು ಚಮಚವನ್ನೇ ಬಾಯಿಗೆ ಒಯ್ದಿಲ್ಲ. ನನ್ನ ತಾಟಿಗೆ ಕೈ ಚಾಚಿದಾಗಲೆಲ್ಲ ಬಾಟಲಿ ಕೊಟ್ಟು, ಹಾಡು ಹೇಳಿ ಮಲಗಿಸಿದೆ. ಅಂಗನವಾಡಿಯಲ್ಲಿ ತೂಕ ಏರಿಲ್ಲ ಎಂದ ದಿನವೂ ಹಾಗೇ ಮಲಗಿಸಿದೆ. ಬೆಳ್ಳಿ ಬಟ್ಟಲು ತೆಗೆದುಕೊಂಡು ಬನ್ನಿ. ತಡ ಮಾಡಬೇಡಿ.

ಕಮರುನ್ನಿಸಾಗೆ ಇದೇನೂ ಗೊತ್ತಿಲ್ಲ. ಬಾಗಿಲಲ್ಲಿ ನಿಂತು, ಕೂಸಿನ ಗಲ್ಲ ಒರೆಸುತ್ತ, ನಗುತ್ತ ಅಂದಳು: "ನಾ ಉಣ್ಣೂದ ನೋಡಿ ತಾನ ಬಾಯಿ ತೆರೀತ್ರಿ ಅಕ್ಕಾರ, ತಾಟ ಸರಿಸಿದ್ರ ಅಳತೈತಿ! ಯಾಕ ಬೇ, ಅಜ್ಜಿ ನಿನಗ ಬರೇ ಹಾಡ ಉಣಸ್ತಾರೇನ?"