ಶೀಷಿಯ ಎದೆನೋವು

ಫೆಬ್ರವರಿ 23, ಸಂಜೆ

ಬಣ್ಣ ಒರೆಸಿಕೊಂಡೆ. ಎಡಗೈ ಇನ್ನೂ ಜೋಮು ಹಿಡಿದಂತಿದೆ.

ಮಧ್ಯಾಹ್ನದ ಆಟ. ನನ್ನ ಪಾರ್ಟು ಶೀಷಿ, ಹಳೇ ಕಾಲದ ಹೆಸರಾಂತ ಚೆಲುವೆ. ಅವಳು ಹೊಳೆದಂಡೆಯಲ್ಲಿ ರೇಷ್ಮೆ ತೊಳೆಯುವ ದೃಶ್ಯ. ಅವಳಿಗೆ ಎದೆನೋವು ಬರಬೇಕು, ಕೈ ಎದೆಗೆ ಹೋಗಬೇಕು, ಹುಬ್ಬು ಗಂಟಿಕ್ಕಬೇಕು. ಆಗ ಇನ್ನಷ್ಟು ಚೆಲುವೆಯಾಗಿ ಕಾಣಬೇಕು. ಅಂದಿನಿಂದ ಇಂದಿನವರೆಗೂ ಅದೇ ಕಥೆ. ಇವತ್ತು ಕೈ ತಾನಾಗಿಯೇ ಹೋಯಿತು. ನಿಜವಾದ ನೋವು. ಎದೆಯ ಮೇಲೆ ಬೀಸುವ ಕಲ್ಲು ಇಟ್ಟಂತೆ... ಜೋರು ಚಪ್ಪಾಳೆ.

ನಾವು ಬೀಡುಬಿಟ್ಟಿರುವ ಈ ಝೂಜಿಯ ಜನಕ್ಕೆ ಶೀಷಿ ತಮ್ಮೂರ ಮಗಳು. ಸುಲಭಕ್ಕೆ ಯಾವ ನಟಿಯನ್ನೂ ಒಪ್ಪುವುದಿಲ್ಲ. ಆಟ ಮುಗಿದ ಮೇಲೆ ಅಜ್ಜಿಯೊಬ್ಬಳು ಪರದೆ ಹಿಂದೆ ಬಂದು ಬಿಸಿ ಕಡುಬು ಕೈಗಿಟ್ಟಳು. "ಇವತ್ತು ಅವಳೇ ಬಂದಿದ್ಲು ಕಣವ್ವಾ."

ನೋವಿನ ವಿಷಯ ಯಾರಿಗೂ ಹೇಳಲಿಲ್ಲ. ಯಾರಿಗೆ ಹೇಳಲಿ?

ಫೆಬ್ರವರಿ 25

ತಂಡದ ಯಜಮಾನ ಲೌಗೆ ಖುಷಿಯೋ ಖುಷಿ. "ಯಾಜುವಾನ್, ಆ ನೋವನ್ನ ಇನ್ನೊಂಚೂರು ಎಳಿ. ಜನ ಉಸಿರು ಬಿಗಿಹಿಡಿದು ಕೂತಿದ್ರು!" ತಲೆಯಾಡಿಸಿದೆ.

ಊಟಕ್ಕೆ ಎಲ್ಲರೂ ಮೈಫೆನ್ ಸುತ್ತ. ಕುರೂಪಿ ದೊಂಗ್‌ಷಿ ಅವಳ ಪಾರ್ಟು. ನನ್ನ ಬೆನ್ನಿಗೇ ಬಂದು ನನ್ನ ನರಳಾಟವನ್ನು ಅಣಕಿಸಬೇಕು, ಜನ ಬಿದ್ದು ಬಿದ್ದು ನಗಬೇಕು. ನಾನು ಬಟ್ಟಲು ಹಿಡಿದು ಹೋದರೆ ಮಾತು ತಗ್ಗುತ್ತದೆ. ಜಾಗ ಬಿಡುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚು. ಹೀರೋಯಿನ್ ಅಲ್ಲವೇ. ಮೊದಮೊದಲು ನಾನೇ ದೂರ ಕೂತದ್ದು. ಈಗ ಅದೇ ನನ್ನ ಜಾಗ.

ಮಾರ್ಚ್ 2

ಮತ್ತೆ ಬಂತು. ರಂಗದ ಮೆಟ್ಟಿಲು ಹತ್ತುವಾಗ.

ಡಾಕ್ಟರ್ ಹತ್ತಿರ ಹೋದರೆ ಹಾಡಬೇಡ ಅನ್ನುತ್ತಾರೆ. ಪರದೆ ಹಿಂದೆ ಹೊಸ ಹುಡುಗಿ ನನ್ನ ಹಾಡುಗಳನ್ನು ಗುನುಗುತ್ತಿರುತ್ತಾಳೆ. ಕಂಠ ಚೆನ್ನಾಗಿದೆ. ಅದೇ ತೊಂದರೆ. ಪಾರ್ಟು ಹೋದರೆ ನನಗೆ ಇನ್ನೇನಿದೆ? ಗಂಡ ನಿಂಗ್ಬೋ ನಗರದಲ್ಲಿ, ಬೇರೆಯವಳ ಜೊತೆ. ಮನೆಗೆ ಬೀಗ.

ಮಾರ್ಚ್ 5, ಸಂಜೆ

ಮೈಫೆನ್ ಆಟ ಕೆಡಿಸಿದಳು.

ನೋವಿನ ದೃಶ್ಯ. ನಿಂತಿದ್ದೇನೆ, ಬೆವರು ಬಣ್ಣ ಸೀಳಿಕೊಂಡು ಇಳಿಯುತ್ತಿದೆ. ಅವಳು ಕುಣಿಯುತ್ತ ಬಂದಳು, ಮುಖ ಹತ್ತಿರ ತಂದಳು—ನಿಂತುಬಿಟ್ಟಳು. ಅಣಕಿಸಲೇ ಇಲ್ಲ. ಜನ ಗೊಣಗಿದರು. ಇವಳು ಅವರ ಕಡೆ ತಿರುಗಿ, "ನೋಡ್ರಪ್ಪಾ, ಚೆಲುವೆಗೆ ಹಸಿವು! ಬರೀ ಹೊಗಳಿಕೆ ತಿಂದ್ರೆ ಹೊಟ್ಟೆ ತುಂಬುತ್ತಾ?" ಅಂದು ನನ್ನ ಸೊಂಟಕ್ಕೆ ಕೈಹಾಕಿ ಒಳಗೆ ಎಳೆದೊಯ್ದಳು. ನಗು. ಯಜಮಾನನ ಕಿರುಚಾಟ.

ನಾನೂ ಕಿರುಚಿದೆ. "ಹೊಟ್ಟೆಕಿಚ್ಚು ನಿನಗೆ! ನನ್ನಂಥ ಮುಖ ಇಲ್ಲ ಅಂತ."

ಅವಳು ನನ್ನ ಕಿವಿಯೋಲೆ ಬಿಚ್ಚುತ್ತಲೇ ಇದ್ದಳು. "ಇಲ್ಲ ಕಣೇ. ಅದಕ್ಕೇ ದಿನಾ ನಿನ್ನ ಮುಖಾನೇ ನೋಡ್ತೀನಿ, ಅಣಕಿಸೋಕೆ. ಅದರಲ್ಲಿ ಯಾವುದು ನಾಟಕ, ಯಾವುದು ಅಲ್ಲ, ನನಗೆ ಗೊತ್ತಾಗಲ್ವಾ?"

"ಎಷ್ಟು ದಿನದಿಂದ?" ಅಂದಳು. ಹೇಳಿದೆ. "ಥೂ, ಹುಚ್ಚಿ," ಅಂದು ಅವಳು ಕಾರು ಹುಡುಕಲು ಓಡಿದಳು. ಮುಖದಲ್ಲಿನ್ನೂ ದೊಂಗ್‌ಷಿಯ ಕರೀ ಮಚ್ಚೆ.

ಕಾರು ಬಂತಂತೆ—

ಮಾರ್ಚ್ 11, ಆಸ್ಪತ್ರೆ

ಸ್ಟೆಂಟ್ ಹಾಕಿದ್ದಾರೆ. ಇನ್ನೂ ಒಂದೆರಡು ಆಟ ಆಡಿದ್ದರೆ ರಂಗದ ಮೇಲೇ ಹೋಗುತ್ತಿದ್ದೆ ಅಂದರು ಡಾಕ್ಟರ್. ಜನ ಚಪ್ಪಾಳೆ ಹೊಡೆಯುತ್ತಿದ್ದರೇನೋ.

ಮೈಫೆನ್ ಆ ದಿನ ಸೇರಿಸಿ ಹೋದಳು, ಅವಳಿಗೆ ಆಟವಿತ್ತು. ಪಕ್ಕದ ಮಂಚದವಳಿಗೆ ಇಬ್ಬರು ಸೊಸೆಯರು, ಸೂಪಿನ ಮೇಲೆ ಸೂಪು. ನನ್ನನ್ನು ಕೇಳಿದಳು, "ನಿಮ್ಮವರು ಯಾರೂ ಬರಲ್ವಾ?" ಟೂರಿನಲ್ಲಿದ್ದಾರೆ ಅಂದೆ. ಸುಳ್ಳೇನಲ್ಲ.

ಮಾರ್ಚ್ 13

ಮೈಫೆನ್ ಫೋನ್. ಹೊಸ ಹುಡುಗಿ ಹೇಗೆ ಮಾಡುತ್ತಾಳೆ ಅಂದೆ. ಕೇಳಬಾರದಿತ್ತು.

"ಚೆನ್ನಾಗಿ ಹಾಡ್ತಾಳೆ. ಮುಖ ಮಾತ್ರ ಬೇಯಿಸಿದ ಮೊಟ್ಟೆ. ಅಣಕಿಸೋಕೆ ಒಂದು ಗೆರೆ ಸಿಗ್ತಿಲ್ಲ ನನಗೆ."

ನಕ್ಕೆ. ಹೊಲಿಗೆ ಇದ್ದಿದ್ದರೆ ಬಿಚ್ಚುತ್ತಿತ್ತು. ಶೀಷಿಯ ಪಾರ್ಟು ಇನ್ನು ಆ ಹುಡುಗಿಯದೇ ಅಂತೆ, ಯಜಮಾನ ಹೇಳಿದನಂತೆ. ನಗು ನಿಂತ ಮೇಲೆ ಗೋಡೆ ಕಡೆ ತಿರುಗಿ ಮಲಗಿದೆ. ಮೈಫೆನ್ ಭಾನುವಾರ ಬರುತ್ತಾಳಂತೆ.

ಭಾನುವಾರ

ಬರಲಿಲ್ಲ. ಆಟ ಹೆಚ್ಚಾಗಿರಬೇಕು. ಹೇಳುವವರೆಲ್ಲ ಬರುತ್ತಾರೆಯೇ.

ಸೋಮವಾರ, ಬೆಳಿಗ್ಗೆ

ಕಾರಿಡಾರಿನಲ್ಲಿ ಜಗಳ. ಭೇಟಿ ಸಮಯ ಅಲ್ಲ ಅನ್ನುತ್ತಿದ್ದಾಳೆ ನರ್ಸ್. "ನಾನು ಅವಳ ಅಕ್ಕ ಕಣಮ್ಮ! ಮುಖ ನೋಡಿದ್ರೆ ಗೊತ್ತಾಗಲ್ವಾ?" ಇಡೀ ವಾರ್ಡ್ ನಗುತ್ತಿದೆ. ಆ ಗಂಟಲು ಇನ್ಯಾರದೂ ಅಲ್ಲ. ನನ್ನ ಕೂದಲು ಬಾಚಿಲ್ಲ, ತುಟಿ ಒಡೆದಿದೆ... ಇರಲಿ, ಹೀಗೇ ನೋಡಲಿ—