ಗೋದಾಮು ಓಣಿಯ ಬೋರ್ಡು ಬರೆದವನ ಅರಿಕೆ

ನಗರದ ಪೊಲೀಸ್ ಮುಖ್ಯಸ್ಥರಿಗೆ,

ಮಾನ್ಯರೇ,

ಮೊದಲಿಗೆ ನನ್ನ ಕೈಬರಹಕ್ಕೂ ಕಾಗುಣಿತಕ್ಕೂ ಕ್ಷಮೆ ಇರಲಿ. ಐದನೇ ತರಗತಿಗೇ ಶಾಲೆ ಬಿಟ್ಟವನು ನಾನು. ಇದರದೇ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ, ಅದನ್ನು ಅಲ್ಲಿಯವರು ತಿದ್ದಿಕೊಳ್ಳುತ್ತಾರೆ. ನಿಮ್ಮ ಕಚೇರಿಗೆ ಬಂದ ಪ್ರತಿಯನ್ನು ತಿದ್ದುವವರಿಲ್ಲ, ಇದ್ದ ಹಾಗೇ ಓದಿಕೊಳ್ಳಬೇಕು. ಆದರೆ ನನ್ನ ಅಕ್ಷರ ನಿಮಗೆ ಹೊಸದೇನಲ್ಲ. ಈ ನಗರದ ನಲವತ್ತೆರಡು ಕಡೆ ಅದನ್ನು ನೀವೇ ಕಂಬಕ್ಕೆ ಕಟ್ಟಿಸಿದ್ದೀರಿ. ತಗಡಿನ ಮೇಲೆ ಗೆರೆ ಎಳೆದುಕೊಂಡು ಕುಂಚದಲ್ಲಿ ಬರೆದರೆ ನನ್ನ ಅಕ್ಷರ ದುಂಡಗೆ ಬರುತ್ತದೆ, ತಪ್ಪಿದರೆ ಮೇಸ್ತ್ರಿ ತಲೆಗೆ ಮೊಟಕುತ್ತಾರೆ. ಕಾಗದದ ಮೇಲೆ ಮಾತ್ರ ಹೀಗೆ.

ನನ್ನ ದೂರು ಇಷ್ಟು: ನೀವು ಹೇಳಿದ್ದನ್ನು ನಾನು ಬರೆದೆ. ಬರೆದದ್ದು ಸುಳ್ಳಾಗಿತ್ತು. ಆ ಸುಳ್ಳನ್ನು ನಂಬಿ ನಡೆದ ನನ್ನ ಚಿಕ್ಕಮ್ಮನ ಬಲಗೈ ಎರಡು ಕಡೆ ಮುರಿದಿದೆ.

ಕಳೆದ ವರ್ಷ ನಿಮ್ಮ ಇಲಾಖೆಯಿಂದ ನಮ್ಮ ಮೇಸ್ತ್ರಿಗೆ ಕೆಲಸ ಬಂತು. ಫ್ಲೆಕ್ಸ್ ಬಿಸಿಲಿಗೆ ಬಾಡುತ್ತದೆ, ತಗಡಿನ ಮೇಲೆ ಕೈಯಲ್ಲೇ ಬರೆಸಿ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದರಂತೆ. ಕುಂಚ ಒಣಗಿಸಿಕೊಂಡು ಕೂತಿದ್ದ ನಮಗೆ ಜೀವ ಬಂದ ಹಾಗಾಯಿತು. ‘ಎಚ್ಚರಿಕೆ! ಈ ರಸ್ತೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಪೊಲೀಸ್ ಕ್ಯಾಮೆರಾದ ಕಣ್ಗಾವಲಿನಲ್ಲಿದೆ. ನಿಮ್ಮ ಸುರಕ್ಷತೆ ನಮ್ಮ ಹೊಣೆ.’ ಕೆಳಗೆ ಒಂದು ಕಣ್ಣಿನ ಚಿತ್ರ. ನೀವು ಕಳಿಸಿದ ಮಾದರಿಯಲ್ಲಿ ಆ ಕಣ್ಣು ಅರ್ಧ ಮುಚ್ಚಿದಂತಿತ್ತು. ಮೇಸ್ತ್ರಿ ನೋಡಿ, “ಇದೇನೋ, ನಿದ್ದೆಗಣ್ಣು! ಅಗಲ ಮಾಡು, ಕಂಡೋರಿಗೆ ಭಯ ಹುಟ್ಬೇಕು” ಎಂದರು. ನಾನು ಅಗಲ ಮಾಡಿದೆ. ಈಗ ಯೋಚಿಸಿದರೆ, ನಿಮ್ಮ ಮಾದರಿಯೇ ಸರಿಯಾಗಿತ್ತು.

ಚಿಕ್ಕಮ್ಮ ನನ್ನನ್ನು ಸಾಕಿದವಳು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆ ಮಡಚುತ್ತಾಳೆ, ಇನ್ನೊಬ್ಬಾಕೆ ಆ ತುದಿ ಹಿಡಿದರೆ ಇವಳು ಈ ತುದಿ. ಮಧ್ಯಾಹ್ನ ಎರಡು ಗಂಟೆಗೆ ಪಾಳಿ ಮುಗಿಯುತ್ತದೆ. ಆಸ್ಪತ್ರೆಯ ಹಿಂದಿನ ಗೇಟಿನಿಂದ ಬಸ್ ನಿಲ್ದಾಣಕ್ಕೆ ಗೋದಾಮು ಓಣಿಯಲ್ಲಿ ಹೋದರೆ ನಾಲ್ಕು ನಿಮಿಷ, ದೊಡ್ಡ ರಸ್ತೆಯಲ್ಲಿ ಸುತ್ತಿ ಬಂದರೆ ಹದಿನಾರು. ಓಣಿಯ ಒಂದು ಬದಿ ಗೋದಾಮಿನ ಗೋಡೆ, ಇನ್ನೊಂದು ಬದಿ ಚರಂಡಿಯ ಗೋಡೆ, ಹಗಲಲ್ಲೂ ನರಪಿಳ್ಳೆ ಇರುವುದಿಲ್ಲ. ಮಂಡಿನೋವಿದ್ದರೂ ಅವಳು ವರ್ಷಗಟ್ಟಲೆ ಸುತ್ತಿಕೊಂಡೇ ಬರುತ್ತಿದ್ದಳು. ನಾನು ಆ ಓಣಿಯಲ್ಲಿ ಬೋರ್ಡು ಕಟ್ಟಿದ ದಿನ ಮನೆಗೆ ಓಡಿ ಬಂದೆ.

“ಇನ್ಮೇಲೆ ಗೋದಾಮು ಓಣೀಲೇ ಬಾ ಚಿಕ್ಕಮ್ಮ. ಕ್ಯಾಮೆರಾ ಹಾಕಿದಾರೆ.”

“ಯಾರೋ ಹೇಳಿದ್ದು ನಿಂಗೆ?”

“ಹೇಳೋದೇನು, ಬೋರ್ಡ್ ಬರ್ದಿದ್ದೇ ನಾನು!”

“ಓಹೋ, ಬರ್ದಿರೋರೇ ತಾವು! ಅಂದ್ಮೇಲೆ ಮುಗೀತು ಬಿಡಿ ಸಾಹೇಬ್ರೇ” ಎಂದು ನಕ್ಕಳು. ಅವಳಿಗೆ ಓದಲು ಬರುವುದಿಲ್ಲ. ಏನು ಬರೆದಿದೆ ಎಂದು ನನ್ನಿಂದಲೇ ಎರಡು ಸಲ ಹೇಳಿಸಿಕೊಂಡಳು. ಮಾರನೆಯ ದಿನದಿಂದ ಆ ಓಣಿಯಲ್ಲೇ ನಡೆದಳು. ಜೊತೆಯ ಹೆಂಗಸರಿಗೂ, “ನಮ್ ಹುಡ್ಗ ಬರ್ದಿದ್ದು, ಹೆದ್ರಬೇಡಿ ಬನ್ನಿ” ಎಂದು ಹೇಳಿದಳಂತೆ.

ಮೂರು ತಿಂಗಳ ಮೇಲೆ ಒಂದು ಮಂಗಳವಾರ, ಮಧ್ಯಾಹ್ನ ಎರಡೂಕಾಲಕ್ಕೆ, ಅವಳೊಬ್ಬಳೇ ಬರುತ್ತಿದ್ದಾಗ, ಬೈಕಿನಲ್ಲಿ ಬಂದ ಇಬ್ಬರು ಅವಳ ಚೀಲಕ್ಕೆ ಕೈ ಹಾಕಿದರು. ಚೀಲದಲ್ಲಿ ಊಟದ ಡಬ್ಬಿ, ಕನ್ನಡಕ, ಆಸ್ಪತ್ರೆಯ ಗುರುತಿನ ಚೀಟಿ ಇದ್ದವು, ಬೇರೇನೂ ಇರಲಿಲ್ಲ. ಬಿಟ್ಟುಬಿಡಬಹುದಿತ್ತು. ಅವಳು ಬಿಡಲಿಲ್ಲ. ಬೈಕು ಅವಳನ್ನು ಎಂಟು ಹತ್ತು ಮಾರು ಎಳೆದುಕೊಂಡು ಹೋಯಿತು. ಆಸ್ಪತ್ರೆಯಲ್ಲಿ ನಾನು, “ಆ ಡಬ್ಬಿಗೋಸ್ಕರ ಯಾಕೆ ಹಿಡ್ಕೊಂಡೆ ಚಿಕ್ಕಮ್ಮ?” ಎಂದು ಅತ್ತೆ. ಅವಳು ಹೇಳಿದ್ದನ್ನು ದಯವಿಟ್ಟು ನಿಧಾನವಾಗಿ ಓದಿ.

“ಡಬ್ಬಿಗಲ್ವೋ ಪೆದ್ದ. ಮೇಲಿಂದ ಕ್ಯಾಮೆರಾ ನೋಡ್ತಿರತ್ತಲ್ಲ. ಸ್ವಲ್ಪ ಹೊತ್ತು ಹಿಡ್ಕೊಂಡ್ರೆ ಅವ್ರ ಮುಖ ಚೆನ್ನಾಗಿ ಬೀಳತ್ತೆ ಅಂತ ಹಿಡ್ಕೊಂಡೆ.”

ಮಾನ್ಯರೇ, ಆ ಹೊತ್ತಿನಲ್ಲಿ ಈ ನಗರದಲ್ಲಿ ನಿಮ್ಮ ಇಲಾಖೆಯ ಕೆಲಸವನ್ನು ಅಷ್ಟು ನಿಷ್ಠೆಯಿಂದ ಮಾಡುತ್ತಿದ್ದವರು ಇನ್ಯಾರಾದರೂ ಇದ್ದರೇ? ಸಮವಸ್ತ್ರವಿಲ್ಲ, ಲಾಠಿಯಿಲ್ಲ, ಮಂಡಿ ನೆಟ್ಟಗಿಲ್ಲ. ಇಲ್ಲದ ಕ್ಯಾಮೆರಾಕ್ಕೆ ಕಳ್ಳರ ಮುಖ ತೋರಿಸಲು ಅವಳು ರಸ್ತೆಯ ಮೇಲೆ ಎಳೆಸಿಕೊಂಡು ಹೋದಳು. ನಿಮ್ಮಲ್ಲಿ ಧೈರ್ಯಕ್ಕೆ ಪದಕ ಕೊಡುವ ಪದ್ಧತಿ ಇದೆಯಲ್ಲವೇ?

ಠಾಣೆಗೆ ನಾನೇ ಹೋದೆ. ನಾಲ್ಕು ಜನರ ಮುಂದೆ ನಿಂತರೆ ನನಗೆ ನಾಲಿಗೆ ಹೊರಳುವುದಿಲ್ಲ, ಬಾಗಿಲ ಹತ್ತಿರ ಒಂದು ಗಂಟೆ ನಿಂತೆ. ಕೊನೆಗೆ ಮೇಜಿನ ಹಿಂದೆ ಕೂತಿದ್ದ ಸಾಹೇಬರೇ ಕರೆದರು. ಕ್ಯಾಮೆರಾದ ವೀಡಿಯೋ ಬೇಕಿತ್ತು ಎಂದೆ.

“ಫುಟೇಜಾ? ಯಾವ್ ಫುಟೇಜಯ್ಯ?”

“ಗೋದಾಮು ಓಣೀದು ಸಾರ್. ಅಲ್ಲಿ ಬೋರ್ಡ್ ಇದೆ.”

“ಬೋರ್ಡ್ ಇದೆ, ಯಾರಿಲ್ಲ ಅಂದ್ರು? ಬೋರ್ಡಿನ ಸ್ಕೀಮೇ ಬೇರೆ, ಕ್ಯಾಮೆರಾ ಸ್ಕೀಮೇ ಬೇರೆ. ಬೋರ್ಡ್ ಮೊದ್ಲು ಪಾಸಾಯ್ತು, ಬಂತು. ಕ್ಯಾಮೆರಾ ಬರ್ಬೇಕು.”

“ಮತ್ತೆ ಇದೆ ಅಂತ ಬರ್ಸಿದ್ದು...”

“ಕಳ್ರು ಹೆದರ್ಲಿ ಅಂತ!”

ಪಕ್ಕದ ಪೇದೆ ನಕ್ಕರು. “ಬೋರ್ಡ್ ಮಾತ್ರ ಜೋರಾಗಿದೆ ಸಾರ್. ಆ ಕಣ್ಣು ನೋಡಿ ನಾನೇ ಒಂದ್ಸಲ ಹೆಲ್ಮೆಟ್ ಹಾಕ್ಕೊಂಡೆ.”

“ಅದು ನಾನೇ ಬರ್ದಿದ್ದು” ಎಂದೆ. ಯಾಕೆ ಹೇಳಿದೆನೋ ಗೊತ್ತಿಲ್ಲ.

ಮೇಜಿನ ಸಾಹೇಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಏಣಿ ಹತ್ತಿ ಕಟ್ಟಿದೋನೂ ನೀನೇ ತಾನೆ? ಕಂಬದ ಮೇಲೆ ಕ್ಯಾಮೆರಾ ಇದ್ಯೋ ಇಲ್ವೋ, ನಿಂಗೇ ಕಾಣ್ಲಿಲ್ವೇನೋ?”

ಕಂಬಕ್ಕೆ ಒಂದು ಕಬ್ಬಿಣದ ತೋಳು ಜೋಡಿಸಿದ್ದರು. ಅದರ ತುದಿಯಲ್ಲಿ ಏನಿದೆ ಎಂದು ನಾನು ನೋಡಲಿಲ್ಲ. ಬೋರ್ಡು ಬರೆಯುವವನು ಏಣಿ ಹತ್ತಿದರೆ ನೋಡುವುದು ಬೋರ್ಡು ಮಟ್ಟಸವಾಗಿ ಕೂತಿದೆಯೇ, ತಂತಿ ಬಿಗಿಯುವಾಗ ಬಣ್ಣ ಎದ್ದಿದೆಯೇ ಎಂದಷ್ಟೇ. ಪೊಲೀಸರು ಬರೆಸಿದ್ದಾರೆಂದ ಮೇಲೆ ನಿಜವೇ ಇರಬೇಕು ಎಂದುಕೊಂಡೆ. ಕಳ್ಳರು ಹಾಗೆ ಅಂದುಕೊಳ್ಳಲಿಲ್ಲ. ಅವರು ಬೋರ್ಡು ಓದಿ ಸುಮ್ಮನಾಗದೆ ಕತ್ತೆತ್ತಿ ನೋಡಿದರು. ನಿಮ್ಮ ಬೋರ್ಡಿಗೆ ಮೋಸಹೋದವರು ನಾವು ಮಾತ್ರ. ಕಳ್ಳರನ್ನು ಹೆದರಿಸಲು ಬರೆಸಿದ ಮಾತು ಮಂಡಿನೋವಿನ ಹೆಂಗಸೊಬ್ಬಳನ್ನು ನಿರ್ಜನ ಓಣಿಗೆ ಕರೆದುಕೊಂಡು ಬಂದರೆ, ಅದರಿಂದ ಅನುಕೂಲವಾದದ್ದು ಯಾರಿಗೆ?

ದೂರಿನ ಚೀಟಿಯಲ್ಲಿ ‘ಚೀಲ ಕಳೆದಿದೆ, ಬಿದ್ದು ಪೆಟ್ಟಾಗಿದೆ’ ಎಂದು ಬರೆದರು. ಎಳೆದದ್ದಕ್ಕೆ ಸಾಕ್ಷಿ ಇಲ್ಲವಂತೆ. ಹೌದು, ಎಲ್ಲಿಂದ ಬರಬೇಕು?

ಇದಾಗಿ ನಲವತ್ತು ದಿನ. ಕೈ ನೆಟ್ಟಗಾದ ಮೇಲೆ ಕೆಲಸಕ್ಕೆ ಬಾ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಬೆರಳು ಇನ್ನೂ ಮಡಚುತ್ತಿಲ್ಲ. ಅದಕ್ಕಿಂತ ಕಷ್ಟದ್ದು ಬೇರೆ ಇದೆ. ಪ್ರತಿದಿನ ನಾನು ಕೆಲಸದಿಂದ ಬಂದೊಡನೆ ಅವಳು ಕೇಳುತ್ತಾಳೆ: “ಇವತ್ತೂ ಕರೀಲಿಲ್ವೇನೋ? ಆ ವೀಡಿಯೋ ನೋಡಿ ಗುರುತು ಹಿಡಿಯೋಳು ನಾನೇ ಅಲ್ವಾ, ನನ್ನೇ ಕರೀಬೇಕಲ್ವಾ?” ನಾನು, “ನೋಡ್ತಿದಾರಂತೆ ಚಿಕ್ಕಮ್ಮ” ಎನ್ನುತ್ತೇನೆ. “ಹೂಂ, ಊರಿಗೆಲ್ಲ ಒಂದೇ ಆಫೀಸು, ಪಾಪ, ಅವ್ರಿಗೂ ಎಷ್ಟೂಂತ ಕೆಲ್ಸ” ಎಂದು ಅವಳೇ ನಿಮ್ಮ ಪರ ವಹಿಸಿಕೊಳ್ಳುತ್ತಾಳೆ. ಕೈ ಹೋದರೂ ಮುಖ ಸಿಕ್ಕಿತಲ್ಲ ಎಂಬ ಒಂದೇ ಸಮಾಧಾನದ ಮೇಲೆ ಅವಳು ದಿನ ದೂಡುತ್ತಿದ್ದಾಳೆ. ಅಲ್ಲಿ ಏನೂ ಇರಲಿಲ್ಲ, ನೀನು ಸುಮ್ಮಸುಮ್ಮನೆ ಹಿಡಿದುಕೊಂಡೆ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಈ ಪತ್ರ ಅಚ್ಚಾದರೆ ಪಕ್ಕದ ಮನೆಯವರು ಯಾರಾದರೂ ಅವಳಿಗೆ ಓದಿ ಹೇಳಿಯಾರು ಎಂಬ ಭಯವಿದೆ. ನಿಜ ಹೇಳಬೇಕೆಂದರೆ, ಓದಿ ಹೇಳಿದರೆ ನನ್ನ ಕಷ್ಟ ತಪ್ಪಿತು ಎಂಬ ಆಸೆಯೂ ಇದೆ.

ನನ್ನ ಬೇಡಿಕೆ ದೊಡ್ಡದಲ್ಲ. ನಲವತ್ತೆರಡು ಕಡೆ ಕ್ಯಾಮೆರಾ ಹಾಕಿಸಿ, ಇಲ್ಲವೇ ನಲವತ್ತೆರಡೂ ಬೋರ್ಡು ಇಳಿಸಿ. ಇಳಿಸುವ ಕೆಲಸ ನಾನೇ ಮಾಡಿಕೊಡುತ್ತೇನೆ. ಎರಡೂ ಆಗದಿದ್ದರೆ ಸಮವಸ್ತ್ರದ ಒಬ್ಬರನ್ನು ನಮ್ಮ ಮನೆಗೆ ಕಳಿಸಿ. ಅವರು ಚಿಕ್ಕಮ್ಮನ ಎದುರು ಕೂತು ಕ್ಯಾಮೆರಾ ಇರಲಿಲ್ಲ ಎಂದು ಹೇಳಲಿ. ನಾನು ಬಾಗಿಲ ಹೊರಗೆ ನಿಂತಿರುತ್ತೇನೆ.

ಈ ಪತ್ರ ಕಳಿಸಿ ನಿಮ್ಮ ಉತ್ತರ ಬರುವವರೆಗೆ ಕಾಯುವ ತಾಳ್ಮೆಯಿಲ್ಲದೆ ಇವತ್ತು ಬೆಳಿಗ್ಗೆ ಏಣಿ ಹೊತ್ತು ಗೋದಾಮು ಓಣಿಗೆ ಹೋದೆ. ಸರ್ಕಾರಿ ಬೋರ್ಡು ಅಳಿಸುವುದು ಅಪರಾಧವೆಂದು ಗೊತ್ತಿದ್ದೇ ಮೇಲಿನ ಸಾಲಿಗೆ ಬಿಳಿ ಬಣ್ಣ ಬಳಿಯತೊಡಗಿದೆ. ಪಾಳಿಗೆ ಹೊರಟಿದ್ದ ಹೆಂಗಸೊಬ್ಬರು ಕೆಳಗೆ ನಿಂತರು.

“ಯಾಕಪ್ಪಾ ಅಳಿಸ್ತಿದೀಯ?”

“ಇಲ್ಲಿ ಕ್ಯಾಮೆರಾ ಇಲ್ಲಮ್ಮ.”

“ನಂಗೊತ್ತು. ಕಳ್ರಿಗೆ ಗೊತ್ತಿಲ್ವಲ್ಲ.”

“ಅವ್ರಿಗೂ ಗೊತ್ತಮ್ಮ.”

ಆಕೆ ಬೋರ್ಡಿನತ್ತ ಕೈ ತೋರಿಸಿದರು. “ಇರ್ಲಿ ಬಿಡಪ್ಪ. ಸುತ್ಕೊಂಡು ಹೋದ್ರೆ ನಂಗೆ ಹೊತ್ತಾಗತ್ತೆ, ಈ ದಾರಿ ಬಿಟ್ರೆ ಗತಿ ಇಲ್ಲ. ಅದೊಂದು ಕಾಣ್ತಿದ್ರೆ ಕಾಲು ಮುಂದೆ ಹೋಗತ್ತೆ. ಒರ್ಸಿಬಿಡು, ಇನ್ನೂ ಹಸಿ ಇದೆ.”

ಆಕೆ ಓಣಿ ದಾಟುವವರೆಗೂ ಏಣಿಯ ಮೇಲೆ ನಿಂತು ನೋಡಿದೆ. ಆಮೇಲೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಬಿಳಿಯನ್ನೆಲ್ಲ ಒರೆಸಿಬಿಟ್ಟೆ. ಜೊತೆಗೆ ನಾಲ್ಕು ತಿಂಗಳ ಧೂಳೂ ಹೋಯಿತು. ಅಕ್ಷರಗಳು ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತಿವೆ.

ಇಂತಿ,
ತಾವು ಹೇಳಿದ್ದನ್ನು ತಪ್ಪಿಲ್ಲದೆ ಬರೆದುಕೊಟ್ಟ
ಬೋರ್ಡಿನವನು